ಹತ್ತಿಕುಣಿಯ ಖಾಲಿ ಕಲ್ಲು

ರಂಗಂಪೇಟೆ
14 ಜೂನ್

ಅಳಿಯ ಭೀಮುವಿಗೆ ನಿನ್ನ ಮಾವ ಖಂಡಪ್ಪನ ಜೈಭೀಮ.

ಸುರಪುರದ ಕೋಟೆ ಕಟ್ಟಿದ ರಾಜರು ಇವತ್ತು ಬದುಕಿದ್ದರೆ, ಮೊದಲ ಕಲ್ಲು ಇಡುವ ಮುಂಚೆ ನನ್ನ ಮನೆಗೆ ಆಳು ಕಳಿಸುತ್ತಿದ್ದರು. ಇದು ನನ್ನ ಮಾತಲ್ಲ. ಶಹಾಪುರದ ಗುಡ್ಡದಿಂದ ಕೃಷ್ಣಾ ನದಿಯ ತನಕ ಕಲ್ಲು ಒಡೆಯುವ ಮಂದಿಯೆಲ್ಲ ಒಪ್ಪಿದ ಮಾತು. ಬೆರಳಿನಿಂದ ಒಂದು ಸಲ ತಟ್ಟಿದರೆ ಸಾಕು, ಕಲ್ಲು ತನ್ನ ಊರು, ವಯಸ್ಸು, ಹೊಟ್ಟೆಯೊಳಗಿನ ಬಿರುಕು ಎಲ್ಲವನ್ನೂ ನನಗೆ ಹೇಳಿಬಿಡುತ್ತದೆ. ಹೈದರಾಬಾದಿನ ದೊಡ್ಡ ಸಾಹೇಬರು ಎರಡು ಸಲ ಕಾರು ಕಳಿಸಿ ಕರೆದಿದ್ದರು. ಬಿಸಿಲು ಬಹಳ ಅಂತ ನಾನೇ ಹೋಗಲಿಲ್ಲ.

ಇಂಥ ಮಾವ ಇರುವಾಗ ನಿನ್ನ ಅಣ್ಣ ಬುದ್ಧಪ್ರಿಯನಿಗೆ ಸಿಮೆಂಟಿನ ಗೊಂಬೆಯೇ? ನಿನ್ನ ಹಾಗೇ ಮಿಲಿಟರಿ ಸೇರಿದ್ದ ಅವನು ಗಡಿಯಲ್ಲಿ ತೀರಿಹೋದ ಮೇಲೆ ನಿಮ್ಮ ಊರವರು ಸೇರಿ ಎದೆಯ ತನಕದ ಮೂರ್ತಿ ನಿಲ್ಲಿಸುತ್ತೇವೆ ಎಂದರು, ಮಾದರಿಯನ್ನೂ ತಂದು ತೋರಿಸಿದರು. ಮೀಸೆ ನೋಡಿದರೆ ನಮ್ಮ ಹುಡುಗನಲ್ಲ, ಯಾವುದೋ ಅಡತಿ ಅಂಗಡಿಯ ಸಾಹುಕಾರ. ನಿಮ್ಮ ಅವ್ವ, ನನ್ನ ಅಕ್ಕ, ಮುಖ ತಿರುಗಿಸಿದಳು. ಆಗ ನಾನು ಎದ್ದು ನಿಂತೆ.

"ನಮ್ಮ ಕೆರಿ ದಾರ್ಯಾಗ ಹಳೀ ವೀರಗಲ್ಲು ಅದಾವಲ್ರಿ. ಹಿಂದಿನ ಮಂದಿ ಯುದ್ಧದಾಗ ಸತ್ತವ್ರಿಗೆ ನಿಲ್ಲಿಸಿದ್ದು. ನಮ್ಮ ಹುಡುಗಗೂ ಅಂಥಾದ್ದೇ ಬೇಕು. ಕಲ್ಲಂದ್ರ ಕಲ್ಲು!" ಅಂದೆ.

ಚಪ್ಪಾಳೆ ಹೊಡೆಯಬೇಕೆಂದು ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಮರುದಿನವೇ ಮೋಟರ್ ಸೈಕಲ್ಲಿನಿಂದ ಪ್ಲಾಸ್ಟಿಕ್ ಕೊಡ, ಬಕೆಟುಗಳನ್ನೆಲ್ಲ ಇಳಿಸಿ, ಊರೂರು ತಿರುಗುವ ವ್ಯಾಪಾರ ಬಿಟ್ಟು ಶಹಾಪುರಕ್ಕೆ ಹೋದೆ. ಅಲ್ಲಿ ಸುಲ್ತಾನಸಾಬ ಅಂತ ಒಬ್ಬ ಕಲ್ಲುಕುಟಿಗ. ಗೋರಿಯ ಕಲ್ಲು, ರುಬ್ಬುವ ಕಲ್ಲು, ಗುಡಿಯ ಹೊಸ್ತಿಲು, ಯಾವುದನ್ನೂ ಬಿಟ್ಟವನಲ್ಲ. ನನ್ನ ಕಣ್ಣೆದುರೇ ಒಂದು ಉದ್ದನೆಯ ಬಂಡೆಗೆ ಸಾಲಾಗಿ ಬೆಣೆ ಹೊಡೆದ. ಠಣ್ ಎಂದು ಸೀಳಿ ಎರಡಾಯಿತು. ಎರಡೂ ಆಳೆತ್ತರ. ಒಂದರ ಮೇಲೆ ಹರಿದ ಕರಿ ಗೆರೆ ಇನ್ನೊಂದರ ಮೇಲೂ ಹಾಗೇ ಹರಿದಿತ್ತು.

"ಜೋಡಿ ಅದಾವ್ರಿ ಖಂಡಪ್ಪ. ಅಣ್ಣ-ತಮ್ಮ ಇದ್ದಂಗ," ಎಂದ. "ಒಂದೇ ಒಯ್ದ್ರ ಇನ್ನೊಂದು ನನ್ನ ಹಂತ್ಯಾಕ ಬಿದ್ದು ಕೊಳೀತದ. ಎರಡೂ ಒಯ್ಯರಿ, ರೇಟ್ ಜರಾ ಇಳಸ್ತೀನಿ."

ನಾನು ಮುಖ ಸಪ್ಪಗೆ ಮಾಡಿ ನಿಂತೆ. ಇಳಿಸಿದ. ಗಾಡಿಗೆ ಕಿಕ್ ಹೊಡೆದೆ. ಮತ್ತೆ ಇಳಿಸಿದ. ಕೊನೆಗೆ ಎರಡೂ ಸೇರಿ ಐದು ಸಾವಿರ! ಬಡಪಾಯಿ ಅಳುವುದೊಂದು ಬಾಕಿ.

ವೀರಗಲ್ಲಿಗೆ ಮೂರು ಅಂಕಣದ ಚೌಕಟ್ಟು ಬೇಕಲ್ಲ. ಕೆಳಗೆ ಯುದ್ಧ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವುದು, ತುದಿಯಲ್ಲಿ ಅವನು ಶಾಂತವಾಗಿ ಕೂತಿದ್ದು. ದುಡ್ಡು ಎರಡಕ್ಕೂ ಕೊಟ್ಟ ಮೇಲೆ ಚೌಕಟ್ಟು ಒಂದಕ್ಕೇ ಯಾಕೆ? ಎರಡಕ್ಕೂ ಹೊಡೆಸಿದೆ. ಈಗ ಎರಡೂ ಹತ್ತಿಕುಣಿಗೆ ಬಂದು ನಿಮ್ಮ ಮನೆ ಮುಂದಿನ ಬೇವಿನ ಮರಕ್ಕೆ ಒರಗಿವೆ. ಸುಲ್ತಾನಸಾಬ ಅಲ್ಲಿಗೇ ಬಂದು ಕೆತ್ತುತ್ತಾನೆ. ಒಂದರಲ್ಲಿ ಬುದ್ಧಪ್ರಿಯ, ಕುದುರೆಯ ಮೇಲೆ, ಕೈಯಲ್ಲಿ ಕತ್ತಿ. ಸುಣ್ಣದ ಗೆರೆ ಹಾಕಿಸಿಯಾಗಿದೆ. ಇನ್ನೊಂದು ಸದ್ಯಕ್ಕೆ ಖಾಲಿ ಇರಲಿ. ಯಾವುದಕ್ಕಾದರೂ ಬಂದೇ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಅವ್ವ ಸ್ಪೀಕರ್ ಹಾಕಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂಡುತ್ತಾಳೆ. ಕಾಗದವಾದರೆ ಮಾವ-ಅಳಿಯನ ನಡುವೆ ಉಳಿಯುತ್ತದೆ.

ಇಂತಿ, ಕಲ್ಲಿನ ಮಾತು ಬಲ್ಲ ನಿನ್ನ ಮಾವ
ಖಂಡಪ್ಪ


99 ಎ.ಪಿ.ಓ.
6 ಜುಲೈ

ಮಾಮಾನಿಗೆ ಭೀಮುವಿನ ಜೈಭೀಮ.

ಕಾಗದ ಮುಟ್ಟಿತು. ಅಣ್ಣ ಹೋದ ಮೇಲೆ ಮೊದಲ ಸಲ ನಕ್ಕೆ. ಪಕ್ಕದ ಮಂಚದ ಪಂಜಾಬಿ ಗಾಬರಿಯಾಗಿ ಎದ್ದು ಕೂತ.

ಆದರೆ ಮಾಮಾ, ಅಣ್ಣ ಕುದುರೆ ಹತ್ತಿದವನಲ್ಲ. ಕತ್ತಿ ಹಿಡಿದವನೂ ಅಲ್ಲ. ಅವನು ಲಾರಿ ಓಡಿಸುತ್ತಿದ್ದ. ಗುಡ್ಡದ ಮೇಲಿನ ಠಾಣೆಗೆ ಹಿಟ್ಟು, ಬೇಳೆ, ಸೀಮೆಎಣ್ಣೆ ಮುಟ್ಟಿಸುವುದು ಅವನ ಕೆಲಸ. ಆ ದಿನ ಶೆಲ್ ಬೀಳುತ್ತಿದ್ದಾಗಲೂ ಹೊರಟ. ಮೇಲಿನವರಿಗೆ ತಿನ್ನಲು ಬಿಸ್ಕೀಟು ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ತಿರುವಿದೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಂದಕ. ಶೆಲ್ ಅಲ್ಲಿ ಬಿತ್ತು. ಅಣ್ಣನ ಲಾರಿ ದಾರಿಗೆ ಅಡ್ಡ ಬೀಳಲಿಲ್ಲ, ಗುಡ್ಡಕ್ಕೆ ಒರಗಿ ನಿಂತಿತು. ಅಂದರೆ ಕೊನೆಯಲ್ಲಿ ಸ್ಟಿಯರಿಂಗ್ ತಿರುಗಿಸಿದ್ದ. ಹಿಂದಿನ ಲಾರಿಗಳಿಗೆ ದಾರಿ ಉಳಿಯಿತು. ಅವತ್ತು ಮೇಲಿನವರು ಬಿಸಿ ಅನ್ನ ಉಂಡರು. ಇಷ್ಟು ವಿವರ ಅವ್ವನಿಗೂ ಹೇಳಿಲ್ಲ, ವೈನಿ ಪರಿಮಳಾಗೂ ಹೇಳಿಲ್ಲ.

ಕೆತ್ತಿಸುವುದಾದರೆ ಲಾರಿ ಕೆತ್ತಿಸು.

ಆ ತಿರುವಿನಲ್ಲಿ ಡ್ರೈವರುಗಳು ಸಣ್ಣ ಕಲ್ಲುಗಳನ್ನು ಪೇರಿಸಿಟ್ಟಿದ್ದಾರೆ. ಹೋಗುವವರು, ಬರುವವರು ಎಲ್ಲರೂ ಅಲ್ಲಿ ಒಂದು ಸಲ ಹಾರ್ನ್ ಹೊಡೆಯುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಅದನ್ನು ಯಾವಾಗ ನೋಡಿದೆ ಎಂದು ಮಾತ್ರ ಕೇಳಬೇಡ.

ಎರಡನೇ ಕಲ್ಲು ಯಾಕೆ ತಂದೆ ಮಾಮಾ? ಸುಮ್ಮನೆ ಕೇಳಿದೆ.

ಇಂತಿ ನಿನ್ನ ಅಳಿಯ
ಭೀಮು


ಹತ್ತಿಕುಣಿ
2 ಆಗಸ್ಟ್

ಅಳಿಯ ಭೀಮುವಿಗೆ ಮಾವನ ಜೈಭೀಮ.

ಲಾರಿಯ ವಿಚಾರ ನನಗೆ ಮೊದಲೇ ಹೊಳೆದಿತ್ತು. ನಿನ್ನ ಬಾಯಿಂದ ಬರಲಿ ಎಂದು ಕಾದಿದ್ದೆ.

ಸುಲ್ತಾನಸಾಬನಿಗೆ ಹೇಳಿದರೆ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. "ಆನಿ ಕೆತ್ತೀನಿ, ಹುಲಿ ಕೆತ್ತೀನಿ. ಲಾರಿ ನಮ್ಮಪ್ಪನೂ ಕೆತ್ತಿಲ್ಲ, ಅವರಪ್ಪನೂ ಕೆತ್ತಿಲ್ಲ. ಅದಕ್ಕ ಎಷ್ಟು ಕಾಲ್ರಿ?"

"ಕಾಲಲ್ಲೋ ಸಾಬಾ, ಗಾಲಿ!"

ಮರುದಿನ ಇಬ್ಬರೂ ಡಾಬಾ ಮುಂದೆ ನಿಂತ ಲಾರಿಗಳನ್ನು ನೋಡುತ್ತ ಕೂತೆವು. ಅವನು ಗಾಲಿ ಮುಟ್ಟುವುದು, ಗೇಣು ಹಾಕುವುದು, ಕೆಳಗೆ ಬಗ್ಗಿ ನೋಡುವುದು. ಡ್ರೈವರುಗಳು ನಾವು ತಪಾಸಣೆಯ ಸಾಹೇಬರೆಂದು ತಿಳಿದು ನಮಗೆ ಎರಡು ಸಲ ಚಹಾ ಕುಡಿಸಿದರು. ನಾನು ಬೇಡ ಎನ್ನಲಿಲ್ಲ. ಒಬ್ಬನಿಗೆ ಗದರಿಸಿಯೂ ಬಂದೆ.

ಈಗ ಕೆಳಗಿನ ಅಂಕಣದಲ್ಲಿ ಲಾರಿ ಏರು ಹತ್ತುತ್ತಿದೆ. ಸ್ಟಿಯರಿಂಗ್ ಹಿಡಿದ ಎರಡು ಕೈ ಕಾಣುವಂತೆ ಕೆತ್ತಿದ್ದಾನೆ. ನಡುವಿನ ಅಂಕಣಕ್ಕೆ ಬಂದಾಗ, "ಹಳೀ ಕಲ್ಲಿನ್ಯಾಗ ದೇವಲೋಕದ ಹೆಣಮಕ್ಕಳು ಎತಗೊಂಡು ಒಯ್ತಾರ. ಇವನ್ನ ಯಾರು ಒಯ್ಯಬೇಕ್ರಿ?" ಎಂದು ಕೇಳಿದ. ನನಗೂ ತಿಳಿಯಲಿಲ್ಲ. ಬಾಗಿಲಲ್ಲಿ ಕೂತಿದ್ದ ನಿಮ್ಮ ಅವ್ವ ಹೇಳಿದಳು: "ಸಂಗಾಟ ಇದ್ದ ಹುಡುಗ್ರೇ ಹೆಗಲ ಕೊಟ್ಟು ತಂದಾರ. ಅವ್ರನ್ನೇ ಕೆತ್ತು."

ಆರು ಜನ ಪೆಟ್ಟಿಗೆ ಹೊತ್ತಿದ್ದಾರೆ. ಎಲ್ಲರ ಮುಖವೂ ಒಂದೇ ಥರ ಬಂದಿದೆ. ತುದಿಯ ಅಂಕಣದಲ್ಲಿ ಅರಳಿ ಎಲೆಯ ಕೆಳಗೆ ಬುದ್ಧಪ್ರಿಯ ಕೂತಿದ್ದಾನೆ.

ಇನ್ನೊಂದು ಕಲ್ಲಿನ ಬಗ್ಗೆ ಕೇಳಿದ್ದೆಯಲ್ಲ. ಏನೂ ಇಲ್ಲ. ಮೊನ್ನೆ ಪಕ್ಕದ ಮನೆಯ ಮುದುಕಿ ಕಲ್ಯಾಣಮ್ಮ ನೋಡಲು ಬಂದಿದ್ದಳು. ಲಾರಿಯ ಮೇಲೆ ಕೈಯಾಡಿಸಿ, "ಭಾಳ ಚಂದ ಬಂದದ," ಎಂದಳು. ಹಾಗೇ ಪಕ್ಕಕ್ಕೆ ಸರಿದು ಖಾಲಿ ಚೌಕಟ್ಟಿನ ಮೇಲೂ ಕೈಯಾಡಿಸಿದಳು. "ಇದು ಯಾರಿಗೋ ಖಂಡ್ಯಾ?"

"ಕೂಡಾಕ ಕಟ್ಟಿ ಮಾಡ್ತೀವಿ ಅಯ್ಯವ್ವಾ."

"ವೀರಗಲ್ಲಿನ ಮ್ಯಾಲ ಕೂಡ್ತಾರೇನೋ ಹುಚ್ಚ? ಒಬ್ಬನ ಸಲುವಾಗಿ ಎರಡು ತರ್ತಾರೇನೋ? ಮನಿಯಾಗ ಇನ್ನೊಬ್ಬ ಮಿಲ್ಟ್ರಿಯಾಗ ಅದಾನ..."

ಅಷ್ಟಕ್ಕೇ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋದಳು. ಸುಲ್ತಾನಸಾಬನ ಉಳಿ ನಿಂತಿತ್ತು. ನಿಮ್ಮ ಅವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. ಹೊಟ್ಟು ಎಲ್ಲ ಹಾರಿ ಹೋಗಿತ್ತು. ಆದರೂ ಕೇರುತ್ತಲೇ ಇದ್ದಳು.

ಮುದುಕಿಗೆ ಬುದ್ಧಿ ಇಲ್ಲ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮರುದಿನ ಯಾರೋ ಆ ಖಾಲಿ ಕಲ್ಲಿನ ಬುಡದಲ್ಲಿ ಒಂದು ಚೆಂಡುಹೂ ಇಟ್ಟು ಹೋಗಿದ್ದರು. ಆಡು ತಿಂದಿತು. ಆಡಿನ ಬಾಯಿಗೆ ನಾನೇ ಕೊಟ್ಟೆ.

ಗಾಡಿ ರಿಪೇರಿಗೆ ಬಿಟ್ಟಿದ್ದೇನೆ. ಅದಕ್ಕೇ ಬಸ್ಸಿಗೆ ಓಡಾಟ.

ಇಂತಿ, ಲಾರಿಯ ಅಂಗಾಂಗ ಬಲ್ಲ ನಿನ್ನ ಮಾವ
ಖಂಡಪ್ಪ


ಹತ್ತಿಕುಣಿ
9 ಸೆಪ್ಟೆಂಬರ್

ಸಣ್ಣಾಂವನಿಗೆ,

ಅತ್ತೆ ಹೇಳುತ್ತಿದ್ದಾರೆ, ನಾನು ಪರಿಮಳಾ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ಹೆಸರು ಬೆಳೆ ಒಳ್ಳೆಯದು ಬಂತು. ಅಣ್ಣನ ಕಲ್ಲನ್ನು ಆಗಸ್ಟ್ ಹದಿನೈದಕ್ಕೆ ಕೆರೆಯ ದಾರಿಯ ಬದಿಗೆ ನಿಲ್ಲಿಸಿದರು. ಶಾಲೆ ಹುಡುಗರು ಬಂದಿದ್ದರು. ವಿಹಾರದ ಭಿಕ್ಕು ಬಂತೇಜಿಯವರು ಬಂದು ಬುದ್ಧ ವಂದನೆ ಹೇಳಿಸಿದರು. ನಿನ್ನ ಮಾವ ಭಾಷಣ ಮಾಡಿದ, ಬಹಳ ಹೊತ್ತು ಮಾಡಿದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಚಳಿ ಇದ್ದರೆ ಎರಡು ಕಂಬಳಿ ಕೇಳು, ನಾಚಬೇಡ. ರಜೆ ಕೇಳು. ಸಾಹೇಬರ ಕಾಲು ಹಿಡಿದಾದರೂ ಕೇಳು. ಇಷ್ಟೇ ಬರಿ ಎಂದಿದ್ದಾರೆ.

ಭೀಮು, ಇನ್ನು ಮುಂದಿನದು ನನ್ನ ಮಾತು. ಅತ್ತೆ ಹೊಲಕ್ಕೆ ಹೋಗಿದ್ದಾರೆ.

ಮೇಲೆ ನಿನ್ನ ಹೆಸರು ಯಾಕಿಲ್ಲ ಎಂದು ನಿನಗೆ ಅನ್ನಿಸಿರಬಹುದು. ಅತ್ತೆ ಬರೆಯಗೊಡಲಿಲ್ಲ. ಆ ಖಾಲಿ ಕಲ್ಲು ಇನ್ನೂ ಬೇವಿನ ಬುಡದಲ್ಲೇ ಇದೆ. ಒಂದು ತಿಂಗಳಾಯಿತು, ಅತ್ತೆ ಮನೆಯಲ್ಲಿ ನಿನ್ನ ಹೆಸರು ಹೇಳುವುದಿಲ್ಲ. ಸಣ್ಣಾಂವ ಎನ್ನುತ್ತಾರೆ. ನಾನು ಒಂದು ದಿನ ಅಂಗಳದಲ್ಲಿ "ಭೀಮು ಫೋನ್ ಮಾಡಿದ್ನೇನ್ರಿ ಅತ್ತಿ?" ಎಂದು ಕೇಳಿದೆ. ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಕಲ್ಲಿನ ಕಡೆಗೆ ನೋಡಿದರು.

ಬೆಳಿಗ್ಗೆ ಎದ್ದು ಕೆರೆಯ ದಾರಿಗೆ ಹೋಗಿ ನಿಮ್ಮ ಅಣ್ಣನ ಕಲ್ಲು ತೊಳೆದು ಬರುತ್ತಾರೆ. ಬಂದ ಮೇಲೆ ಇದಕ್ಕೂ ಒಂದು ಕೊಡ ನೀರು ಹಾಕುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ, "ಅದಕ್ಕ ಸಿಟ್ಟು ಬರಬಾರದು," ಎಂದರು.

ನಾವು ಬುದ್ಧನ ಮನೆಯವರು, ಶಕುನ-ಗಿಕುನ ಬಿಟ್ಟವರು ಎಂದು ನಿಮ್ಮ ಅಣ್ಣ ಯಾವಾಗಲೂ ಹೇಳುತ್ತಿದ್ದರು. ನಾನೂ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಆದರೆ ಬಾಗಿಲು ತೆಗೆದ ಕೂಡಲೇ ಅದು ಎದುರಿಗೇ ನಿಂತಿರುತ್ತದೆ.

ಲಕೋಟೆಯ ಮೇಲೆ ನಿನ್ನ ಹೆಸರನ್ನು ಯಾದಗಿರಿಯ ಪೋಸ್ಟಾಫೀಸಿಗೆ ಹೋದ ಮೇಲೆ ಬರೆಯುತ್ತೇನೆ.

ಇಂತಿ ನಿನ್ನ ವೈನಿ
ಪರಿಮಳಾ


99 ಎ.ಪಿ.ಓ.
1 ಅಕ್ಟೋಬರ್

ಮಾಮಾ,

ರಜೆ ರದ್ದಾಗಿದೆ. ಎಲ್ಲರದ್ದೂ.

ನಾನು ಜುಲೈಯಿಂದ ಅಣ್ಣನ ದಾರಿಯಲ್ಲೇ ಲಾರಿ ಓಡಿಸುತ್ತಿದ್ದೇನೆ. ಅವ್ವನಿಗೆ ಹೇಳಬೇಡ. ಈಗ ಎದುರಿನ ಗುಡ್ಡದಿಂದ ಮತ್ತೆ ಶೆಲ್ ಶುರುವಾಗಿದೆ. ಇನ್ನು ಹಿಮ ಬೀಳುತ್ತದೆ. ಫೋನು ಇಲ್ಲ, ಟಪಾಲು ಕೂಡ ನಿಲ್ಲಬಹುದು.

ವೈನಿಯ ಕಾಗದ ಬಂತು. ಮಾಮಾ, ಆ ಕಲ್ಲನ್ನು ಅಲ್ಲಿಂದ ತೆಗೆಸು. ಮಾರು, ಮುಳುಗಿಸು, ಒಡೆದು ಹಾಕು. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೆ ಆ ತಿರುವಿಗೆ ಬಂದು ಹಾರ್ನಿಗೆ ಕೈ ಹೋದಾಗ ನಮ್ಮ ಅಂಗಳ ಕಣ್ಣಿಗೆ ಬರುತ್ತದೆ. ಬೇವಿನ ಬುಡ ಬರುತ್ತದೆ. ಅಲ್ಲಿ ಖಾಲಿ ಚೌಕಟ್ಟು. ಆ ಜಾಗದಲ್ಲಿ ಸ್ಟಿಯರಿಂಗ್ ಹಿಡಿದವನ ಕಣ್ಣಿಗೆ ದಾರಿ ಬಿಟ್ಟು ಬೇರೆ ಏನೂ ಬರಬಾರದು.

ನಾನು ನಿನ್ನಿಂದ ಬೇರೆ ಏನೂ ಕೇಳುವುದಿಲ್ಲ.

ಭೀಮು


ಹತ್ತಿಕುಣಿ
26 ಅಕ್ಟೋಬರ್

ಅಳಿಯ ಭೀಮುವಿಗೆ ಮಾವನ ಜೈಭೀಮ.

ನಿನ್ನ ಕಾಗದ ಬಂದ ದಿನವೇ ಕೆಲಸ ಮುಗಿಸುತ್ತೇನೆ ಎಂದುಕೊಂಡೆ. ಖಂಡಪ್ಪ ಹೊರಟರೆ ಗುಡ್ಡವೂ ದಾರಿ ಬಿಡುತ್ತದೆ. ಈ ಕಲ್ಲು ಬಿಡುತ್ತಿಲ್ಲ.

ಮೊದಲು ಶಹಾಪುರಕ್ಕೆ ಹೋದೆ. ಪುಕ್ಕಟೆ ಕೊಡುತ್ತೇನೆ, ವಾಪಸ್ ತಗೋ ಎಂದೆ. ಸುಲ್ತಾನಸಾಬ ಎರಡೂ ಕೈ ಮುಗಿದ. "ಸತ್ತವ್ರ ಮನಿ ಕಂಡು ಬಂದ ಕಲ್ಲು, ನನ್ನ ಅಂಗಳದಾಗ ಬ್ಯಾಡ್ರಿ. ನನಗೂ ಮಕ್ಕಳು ಅದಾವ." ಅಣ್ಣ-ತಮ್ಮ ಇದ್ದಂಗ ಎಂದವನೇ ಅವನು. ಅದನ್ನು ನೆನಪು ಮಾಡಿಕೊಟ್ಟೆ. ತಲೆ ತಗ್ಗಿಸಿ ಉಳಿ ಮಸೆಯತೊಡಗಿದ.

ಬಟ್ಟೆ ಒಗೆಯಲು ಇರಲಿ ಎಂದು ಓಣಿಯ ಹೆಣ್ಣುಮಕ್ಕಳನ್ನು ಕೇಳಿದೆ. "ಅದರ ಮ್ಯಾಲ ನಮ್ಮ ಗಂಡಸ್ರ ಅಂಗಿ ಬಡೀಬೇಕೇನ್ರಿ?" ಎಂದು ಕೊಡ ಎತ್ತಿಕೊಂಡು ಹೋದರು. ಕೆರೆಯಲ್ಲಿ ಮುಳುಗಿಸೋಣವೆಂದರೆ ಮೀನು ಹಿಡಿಯುವವರು ಅಡ್ಡ ನಿಂತರು. ಸುತ್ತಲಿನ ಊರಿಗೆಲ್ಲ ಈ ಕಲ್ಲಿನ ಸುದ್ದಿ ಹೋಗಿದೆ. ನನಗಿಂತ ಅದಕ್ಕೇ ಹೆಚ್ಚು ಹೆಸರು.

ಕೊನೆಗೆ ನಿನ್ನೆ ಸುತ್ತಿಗೆ ತಂದೆ. ಅಂಗಿ ಬಿಚ್ಚಿ, ಅಂಗೈಗೆ ಉಗುಳಿ, ಸುತ್ತಿಗೆ ತಲೆಯ ಮೇಲೆ ಎತ್ತಿದ್ದೆ. ನಿಮ್ಮ ಅವ್ವ ಎಲ್ಲಿದ್ದಳೋ, ಓಡಿ ಬಂದು ಕಲ್ಲಿಗೆ ಬೆನ್ನು ಕೊಟ್ಟು ನಿಂತಳು.

"ಒಡೀಬ್ಯಾಡ ತಮ್ಮಾ."

"ಅತ್ಲಾಗ ಸರಿ ಅಕ್ಕಾ. ಇದರ ಪೀಡಾ ಇವತ್ತಿಗೆ ಮುಗೀಲಿ."

"ಇಲ್ಲಿ ಇದು ಒಡದ್ರ ಅಲ್ಲಿ ಏನು ಒಡೀತದೋ ಯಾರಿಗ್ಗೊತ್ತು? ಒಡೀಬ್ಯಾಡ. ನಿನಗ ಕೈ ಮುಗೀತೀನಿ. ಇರಲಿ, ಅದರ ಪಾಡಿಗೆ ಅದು ಇರಲಿ."

ಅಕ್ಕ ನನಗೆ ಯಾವತ್ತೂ ಕೈ ಮುಗಿದವಳಲ್ಲ. ಸಣ್ಣವನಿದ್ದಾಗ ನನ್ನ ಕಿವಿ ಹಿಂಡಿದ ಕೈ ಅದು. ಸುತ್ತಿಗೆ ಇಳಿಸಿದೆ. ಅವಳು ಸೆರಗಿನಿಂದ ಕಲ್ಲಿನ ಮೇಲಿನ ಧೂಳು ಒರೆಸಿ ಒಳಗೆ ಹೋದಳು.

ನಿನ್ನಿಂದ ಒಂದು ಸಾಲು ಬಂದರೂ ಸಾಕು. ಬೇಗ ಬರಿ.

ಇಂತಿ, ಯಾರಿಗೂ ಸೋಲದ ನಿನ್ನ ಮಾವ
ಖಂಡಪ್ಪ


ಹತ್ತಿಕುಣಿ
30 ನವೆಂಬರ್

ಅಳಿಯ ಭೀಮುವಿಗೆ,

ನಿನ್ನ ಉತ್ತರ ಬಂದಿಲ್ಲ. ಟಪಾಲಿನ ತಪ್ಪು ಎಂದು ಎಲ್ಲರಿಗೂ ಹೇಳಿದ್ದೇನೆ. ಟಿ.ವಿ.ಯಲ್ಲಿ ಗಡಿಯ ಸುದ್ದಿ ಬರುತ್ತದೆ. ಊರ ಹೆಸರು ಹೇಳುವುದಿಲ್ಲ, ಮಂದಿಯ ಹೆಸರು ಹೇಳುವುದಿಲ್ಲ, ಬರೀ ಹೊಗೆ ತೋರಿಸುತ್ತಾರೆ. ಅಕ್ಕ ಆ ಹೊಗೆಯನ್ನೇ ನೋಡುತ್ತಾಳೆ. ಅವಳು ಉಣ್ಣುವುದು ಕಡಿಮೆಯಾಗಿದೆ. ತಾಟಿನ ಮುಂದೆ ಕೂಡುತ್ತಾಳೆ, ರೊಟ್ಟಿ ಮುರಿಯುತ್ತಾಳೆ, ಮುರಿದದ್ದನ್ನು ಕೋಳಿಗೆ ಹಾಕುತ್ತಾಳೆ.

ಹೋದ ವಾರ ಒಂದು ಮಿಲಿಟರಿ ಬಣ್ಣದ ಜೀಪು ಊರೊಳಗೆ ಬಂತು. ಹತ್ತಿ ಖರೀದಿಯವರದು. ಯಾರೋ ಹಳೆಯ ಜೀಪು ಕೊಂಡು ಬಣ್ಣ ಬದಲಿಸದೆ ಬಿಟ್ಟಿದ್ದಾರೆ. ಅದು ನಮ್ಮ ಓಣಿಯ ಬಾಯಿಗೆ ಬಂದು ದಾರಿ ಕೇಳಲು ನಿಂತಿತು. ನಾನು ಬಾಗಿಲಲ್ಲಿದ್ದೆ. ಅಕ್ಕ ಎದ್ದಳು. ಜೀಪಿನ ಕಡೆಗೆ ಹೋಗಲಿಲ್ಲ. ನೆಟ್ಟಗೆ ಬೇವಿನ ಬುಡಕ್ಕೆ ಹೋಗಿ, ಆ ಕಲ್ಲಿನ ಖಾಲಿ ಅಂಕಣವನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ನಿಂತಳು. ಜೀಪು ಹೋದ ಮೇಲೂ ಕೈ ತೆಗೆಯಲಿಲ್ಲ. ಪರಿಮಳಾ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ನನಗೆ ಆಗ ಹೊಳೆಯಿತು. ಈ ಕಲ್ಲು ಖಾಲಿ ಇರುವುದೇ ತೊಂದರೆ. ಒಡೆಯಬೇಕಾಗಿಲ್ಲ, ತುಂಬಿಸಿದರೆ ಆಯಿತು.

ಶಹಾಪುರಕ್ಕೆ ಹೋಗಿ ಸುಲ್ತಾನಸಾಬನನ್ನು ಎಳೆದುಕೊಂಡು ಬಂದೆ. "ಯಾರ ಹೆಸರ್ರಿ?" ಎಂದ.

"ಖಂಡಪ್ಪ. ರಂಗಂಪೇಟೆ."

ಅವನು ನನ್ನ ಮುಖ ನೋಡಿದ. "ಯಾವ ಯುದ್ಧದಾಗ ಸತ್ತೀರಿ?"

"ನಿನ್ನ ಸಂಗಾಟ ಸೌದಾ ಮಾಡೋ ಯುದ್ಧದಾಗ. ಕೆತ್ತೋ ಸುಮ್ನ."

ಕೆಳಗಿನ ಅಂಕಣದಲ್ಲಿ ಆ ಕುದುರೆ ಕೊನೆಗೂ ಬಂತು ಭೀಮು. ಅದರ ಮೇಲೆ ನಾನು. ಕತ್ತಿಯ ಬದಲು ಕೈಯಲ್ಲಿ ಒಂದು ಕೊಡ ಕೊಟ್ಟಿದ್ದಾನೆ, ನನ್ನ ವ್ಯಾಪಾರದ ಗುರುತಿಗೆ. ಹೆಸರನ್ನು ದಪ್ಪ ಅಕ್ಷರದಲ್ಲಿ ಹೊಡೆಸಿದೆ. ಹುಟ್ಟಿದ ವರ್ಷವನ್ನೂ ಹಾಕಿಸಿದೆ. ಅದರ ಮುಂದೆ ಒಂದು ಗೆರೆ. ಅಲ್ಲಿಗೆ ನಿಲ್ಲಿಸಿ, ಉಳಿ ಹಿಡಿದುಕೊಂಡು, "ಮುಂದಿಂದು?" ಎಂದು ಕೇಳಿದ. "ಅದಕ್ಕ ಮತ್ತೊಮ್ಮಿ ಕರೀತೀವಿ," ಎಂದೆ. ಅವನು ನಗಲಿಲ್ಲ. ಸಲಕರಣೆ ಕಟ್ಟಿಕೊಂಡು, ಚಹಾ ಕೂಡ ಕುಡಿಯದೆ ಹೊರಟ.

ಓಣಿಯೆಲ್ಲ ಸೇರಿತ್ತು. ಕಲ್ಯಾಣಮ್ಮ, "ಈಗ ಕಲ್ಲಿಗೆ ಧಣಿ ಸಿಕ್ಕ," ಎಂದಳು. ಅಕ್ಕ ಬಂದು ನನ್ನ ಹೆಸರನ್ನು ಬೆರಳಿನಿಂದ ತಡವಿದಳು. ಅವಳಿಗೆ ಓದಲು ಬರುವುದಿಲ್ಲ. ಪರಿಮಳಾ ಓದಿ ಹೇಳಿದಳು. ಅಕ್ಕ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ.

"ಸಣ್ಣ ಹುಡುಗ ಇದ್ದಾಗಿಂದ ನಿನಗ ಹೆಸರಿನ ಹುಚ್ಚು," ಎಂದಳು. ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನನಗೆ ಬಡಿಸಿ, ಎದುರಿಗೇ ಕೂತು ತಾನೂ ಎರಡು ರೊಟ್ಟಿ ಉಂಡಳು. ಉಣ್ಣುವಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೈ ತೊಳೆದು ಅಂಗಳಕ್ಕೆ ಬಂದು, ಆ ಕಲ್ಲಿನ ಎದುರಿಗೇ ನಿಂತು, ಪರಿಮಳಾಗೆ ಹೇಳಿದಳು: "ನಮ್ಮ ಭೀಮುಗ ಒಂದು ಕಾಗದ ಬರೀಬೇಕವ್ವಾ."

ಕಲ್ಲನ್ನು ನೆಟ್ಟಗೆ ನಿಲ್ಲಿಸುವಾಗ ಸ್ವಲ್ಪ ಜಾರಿ ನನ್ನ ಬಲಗಾಲಿನ ಬೆರಳಿನ ಮೇಲೆ ಕೂತಿತು. ದೊಡ್ಡದೇನಲ್ಲ. ಇಂಥ ಕಲ್ಲು ನನ್ನ ಪರಿಚಯ ಮಾಡಿಕೊಂಡಿತು ಎಂದುಕೋ. ಅರಿಶಿಣ ಹಚ್ಚಿ ಕಟ್ಟಿದ್ದೇನೆ.

ಬರಿ ಅಳಿಯಾ. ಎಲ್ಲಿದ್ದರೂ ಬರಿ.

ಇಂತಿ, ಸಾಯದೆಯೇ ವೀರನಾದ ನಿನ್ನ ಮಾವ
ಖಂಡಪ್ಪ


99 ಎ.ಪಿ.ಓ.
21 ಡಿಸೆಂಬರ್

ಮಾಮಾ,

ನಿನ್ನ ಎರಡು ಕಾಗದಗಳೂ, ಅವ್ವನದೂ ಒಟ್ಟಿಗೆ ಬಂದವು. ಅವ್ವನ ಕಾಗದದಲ್ಲಿ ನನ್ನ ಹೆಸರು ಏಳು ಸಲ ಇದೆ.

ನಾನು ಬದುಕಿದ್ದೇನೆ. ಪೆಟ್ಟಾಗಿಲ್ಲ. ಫೆಬ್ರವರಿಯಲ್ಲಿ ರಜೆ ಕೊಡುತ್ತೇವೆ ಎಂದಿದ್ದಾರೆ.

ಒಂದು ವಿಷಯ ನಿನಗೊಬ್ಬನಿಗೇ ಬರೆಯುತ್ತೇನೆ. ನವೆಂಬರ್ ಮೊದಲ ವಾರ ಅದೇ ತಿರುವಿನಲ್ಲಿ ಮತ್ತೆ ಶೆಲ್ ಬಿತ್ತು. ನನ್ನ ಮುಂದಿನ ಲಾರಿಯ ಮೇಲೆ. ಅದನ್ನು ಓಡಿಸುತ್ತಿದ್ದವನು ಆ ಪಂಜಾಬಿ, ನನ್ನ ಪಕ್ಕದ ಮಂಚದವನು. ಹಾರ್ನ್ ಹೊಡೆದು ಮುಗಿಸಿರಲಿಲ್ಲ. ಈಗ ಅಲ್ಲಿ ಪೇರಿಸಿದ ಕಲ್ಲು ಎರಡು ಗುಡ್ಡೆಯಾಗಿದೆ.

ಆಗ ನಿನ್ನ ಹೆಸರು ಇನ್ನೂ ಕೆತ್ತಿರಲಿಲ್ಲ ಮಾಮಾ. ನಮ್ಮ ಅಂಗಳದ ಕಲ್ಲು ಖಾಲಿಯೇ ಇತ್ತು. ನನಗೇನೂ ಆಗಲಿಲ್ಲ. ಅವನಿಗಾಯಿತು. ಅವನ ಊರಿನಲ್ಲಿ ಯಾರೂ ಎರಡು ಕಲ್ಲು ತಂದಿರಲಿಲ್ಲ.

ಆದ್ದರಿಂದ ನಿನ್ನ ಹೆಸರು ಅಳಿಸಿಹಾಕಿಸು. ಕಲ್ಲಿಗೆ ಏನೂ ಗೊತ್ತಿಲ್ಲ.

ಕಾಲಿನ ವಿಷಯ ನಗೆಯಾಗಿ ಬರೆದಿದ್ದೀಯ. ನನಗೆ ನಗೆ ಬರಲಿಲ್ಲ. ಡಾಕ್ಟರರಿಗೆ ತೋರಿಸು. ಮತ್ತೆ, ಈ ಕಲ್ಲುಗಳಿಗೆ ಖರ್ಚು ಎಷ್ಟಾಯಿತು, ಖರೇ ಹೇಳು. ನಿನ್ನ ಮೊದಲ ಕಾಗದವನ್ನು ಪಂಜಾಬಿಗೆ ಓದಿ ತಿಳಿಸಿದ್ದೆ. ಐದು ಸಾವಿರಕ್ಕೆ ಒಂದು ಕಲ್ಲೂ ಬರುವುದಿಲ್ಲ ಎಂದು ಅವನೇ ಹೇಳಿದ್ದ. ಅವರದೂ ಕಲ್ಲು ಒಡೆಯುವ ಮನೆ.

ಭೀಮು


ಹತ್ತಿಕುಣಿ
11 ಜನವರಿ

ಅಳಿಯ ಭೀಮುವಿಗೆ ಮಾವನ ಜೈಭೀಮ.

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಎಲ್ಲವನ್ನೂ ಅಲ್ಲ. ನೀನು ಬದುಕಿದ್ದೀಯ, ಫೆಬ್ರವರಿಗೆ ಬರುತ್ತೀಯ, ಇಷ್ಟೇ. ಪಂಜಾಬಿಯ ವಿಷಯ ನನ್ನ ಹತ್ತಿರವೇ ಉಳಿಯಿತು. ಅವನ ಹೆಸರು ನೀನು ಬರೆಯಲಿಲ್ಲ. ಬಂದಾಗ ಹೇಳು. ನನ್ನ ಕಲ್ಲಿನ ನಡುವಿನ ಅಂಕಣ ಇನ್ನೂ ಖಾಲಿ ಇದೆ, ತುದಿಯದೂ ಖಾಲಿ ಇದೆ. ಸುಮ್ಮನೆ ಬಿಡುವುದಕ್ಕಿಂತ ಒಬ್ಬ ಹೊರಗಿನವನಿಗೆ ಜಾಗ ಕೊಟ್ಟರೆ ತಪ್ಪೇನು?

ನನ್ನ ಹೆಸರು ಮಾತ್ರ ಅಳಿಸುವುದಿಲ್ಲ. ಕಲ್ಲಿಗೆ ಏನೂ ಗೊತ್ತಿಲ್ಲ, ಒಪ್ಪಿದೆ. ಆದರೆ ಅಕ್ಕನಿಗೆ ಗೊತ್ತಿದೆ. ಈಗ ನಿನ್ನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಬಾಯಿ ತಪ್ಪಿ ಆಡಿಗೂ ಒಮ್ಮೆ ಭೀಮು ಎಂದಳು. ಆ ಬಾಯಿ ಮತ್ತೆ ಮುಚ್ಚಿಸುವ ಧೈರ್ಯ ನನಗಿಲ್ಲ.

ಇನ್ನೊಂದು ಸುದ್ದಿ. ಈಗ ಹತ್ತಿಯ ಸುಗ್ಗಿ, ಕೆರೆಯ ದಾರಿಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತವೆ. ಬುದ್ಧಪ್ರಿಯನ ಕಲ್ಲಿನಲ್ಲಿ ಲಾರಿ ಕಂಡು ಒಬ್ಬ ಡ್ರೈವರ್ ಇಳಿದು ಯಾರು, ಏನು ಎಂದು ವಿಚಾರಿಸಿದ. ನಿನ್ನ ತಿರುವಿನ ಮಾತು ನಾನೇ ಹೇಳಿದೆ. ಹೋಗುವಾಗ ಒಂದು ಹಾರ್ನ್ ಹೊಡೆದ. ಅವನು ಯಾರಿಗೆ ಹೇಳಿದನೋ, ಈಗ ಎಲ್ಲರೂ ಹೊಡೆಯುತ್ತಾರೆ. ಮೊದಲು ಅಕ್ಕ ಬೆಚ್ಚುತ್ತಿದ್ದಳು. ಈಗ ಒಲೆಯ ಮುಂದೆ ಕೂತವಳು ಅಲ್ಲಿಂದಲೇ, ಪ್ರತಿ ಹಾರ್ನಿಗೂ, "ಹುಷಾರ್ ಹೋಗಪ್ಪಾ," ಎನ್ನುತ್ತಾಳೆ.

ಕಾಲಿನ ವಿಷಯ. ಪರಿಮಳಾ ಬಿಡದೆ ಯಾದಗಿರಿಗೆ ಕರೆದುಕೊಂಡು ಹೋದಳು. ನನಗೆ ಸಕ್ಕರೆ ಕಾಯಿಲೆ ಇದೆಯಂತೆ, ಬಹಳ ವರ್ಷದಿಂದ ಇದೆಯಂತೆ. ಬೆರಳು ಕಪ್ಪಾಗಿದೆ. ಡಾಕ್ಟರರು ಎರಡು ಬೆರಳು ಕೇಳಿದರು. ನಾನು ಒಂದಕ್ಕೆ ಇಳಿಸಿ ಬಂದಿದ್ದೆ. ಮೊನ್ನೆ ಮತ್ತೆ ನೋಡಿ, ಈಗ ಪಾದ ಕೇಳುತ್ತಿದ್ದಾರೆ. ನನ್ನ ಜೀವಮಾನದಲ್ಲಿ ಸೌದಾ ಹೀಗೆ ಏರಿದ್ದನ್ನು ನೋಡಿಲ್ಲ. ಕಲ್ಯಾಣಮ್ಮ ಬಂದು ಕಾಲು ನೋಡಿದಳು, ಕಲ್ಲು ನೋಡಿದಳು, ಹೋದಳು. ಅಕ್ಕ ನಿನ್ನೆಯಿಂದ ಆ ಕಲ್ಲಿಗೆ ಮತ್ತೆ ನೀರು ಹಾಕಲು ಶುರು ಮಾಡಿದ್ದಾಳೆ. ನೀನು ಬರುವ ದಿನ ನಾನು ಯಾದಗಿರಿಯ ಸ್ಟೇಷನ್ನಿಗೆ ಬರದಿದ್ದರೆ ಗಾಬರಿಯಾಗಬೇಡ.

ಗಾಡಿ ತರುತ್ತೇನೆ ಎಂದೂ ಕಾಯಬೇಡ. ಅದು ರಿಪೇರಿಗೆ ಹೋಗಿಲ್ಲ. ಕಲ್ಲಿನ ದುಡ್ಡಿಗೆಂದು ಜುಲೈಯಲ್ಲೇ ಮಾರಿದೆ. ಆಗ ಕಾಲು ಚೆನ್ನಾಗಿತ್ತು, ಮಾರುವಾಗ ಹೊಟ್ಟೆ ಉರಿದಿತ್ತು. ಈಗ ಕಿಕ್ ಹೊಡೆಯಲು ಕಾಲೇ ಇಲ್ಲವಾದರೆ ಉರಿಯುವುದೂ ಇಲ್ಲ.

ನೀನು ಖರೇ ಕೇಳಿದ್ದೀಯ. ಸುಲ್ತಾನಸಾಬ ಒಂದು ರೂಪಾಯಿಯನ್ನೂ ಇಳಿಸಿರಲಿಲ್ಲ. ನಾನು ಕಿಕ್ ಹೊಡೆದಾಗ, "ಆತು, ಹೋಗಿ ಬರ್ರಿ," ಎಂದಿದ್ದ. ನಾನೇ ಗಾಡಿ ನಿಲ್ಲಿಸಿ ವಾಪಸ್ ಹೋದೆ. ಬುದ್ಧಪ್ರಿಯನ ಕಲ್ಲು ಒಂಟಿಯಾಗಿ ಬರುವುದು ನನಗೆ ಬೇಡವಾಗಿತ್ತು. ಅದೊಂದೇ ಕಾರಣ. ಎರಡು ಕಲ್ಲು, ಸಾಗಣೆ, ಚೌಕಟ್ಟು, ಲಾರಿ, ಕುದುರೆ, ಎಲ್ಲ ಸೇರಿ ನಾನು ಕಳೆದುಕೊಂಡದ್ದು ಅರವತ್ತೊಂದು ಸಾವಿರ. ಪಾದದ ಲೆಕ್ಕ ಇನ್ನೂ ಸೇರಿಸಿಲ್ಲ.

ಖಂಡಪ್ಪ